ನಂದಿ ಬೆಟ್ಟ ಹತ್ತುವಾಗ ಹಳೇ ಪೆಟ್ರೋಲ್ ಕಾರು ಜರ್ಕ್ ಹೊಡೆಯುತ್ತದೆ, ಸ್ಕ್ಯಾನರ್‌ನಲ್ಲಿ ಪಿ0302 ಕೋಡ್ ಬಂದಿದೆ. ಇಗ್ನಿಷನ್ ಕಾಯಿಲ್ (ಪ್ಲಗ್‌ಗೆ ಕಿಡಿಯ ವೋಲ್ಟೇಜ್ ಕೊಡುವ ಭಾಗ) ಬದಲಿಸಬೇಕಾ?

ಈಗಲೇ ದುಡ್ಡು ಸುರಿಯಬೇಡಿ. ಪಿ0302 ಅಂದರೆ ಎರಡನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತಷ್ಟೇ. ಯಾಕೆ ಅಂತ ಕೋಡ್ ಹೇಳುವುದಿಲ್ಲ. ಏರಿನಲ್ಲಿ ಲೋಡ್ ಜಾಸ್ತಿ, ಕಿಡಿ ಹಾರಲು ವೋಲ್ಟೇಜೂ ಜಾಸ್ತಿ ಬೇಕು. ಸೋತ ಕಾಯಿಲ್, ಸವೆದ ಪ್ಲಗ್ ಅಲ್ಲೇ ಕೈ ಕೊಡುವುದು.

ಸಿಲಿಂಡರ್‌ಗೊಂದು ಕಾಯಿಲ್ ಇದೆ ಅಲ್ವಾ? ಇಂಜಿನ್ ಆರಿಸಿ, ಎರಡನೆಯದನ್ನೂ ಮೂರನೆಯದನ್ನೂ ಅದಲುಬದಲು ಮಾಡಿ. ಕೋಡ್ ಅಳಿಸಿ ಓಡಿಸಿ. ಪಿ0303 (ಮೂರನೇ ಸಿಲಿಂಡರ್‌ನ ಮಿಸ್‌ಫೈರ್) ಬಂದರೆ ಕಾಯಿಲ್ಲೇ ಕಳ್ಳ. ಪಿ0302 ಅಲ್ಲೇ ಕೂತಿದ್ದರೆ ಪ್ಲಗ್ಗನ್ನೂ ಹಾಗೇ ಪರೀಕ್ಷಿಸಿ, ಆಮೇಲೆ ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ಭಾಗ), ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿಸಿ. ಚಿಕ್ಕಬಳ್ಳಾಪುರದಲ್ಲಿ ನನ್ನ ಕಾರಿನ ಕಾಯಿಲ್ ಎಳೆದಾಗ ತುದಿಯಲ್ಲಿ ಇಂಜಿನ್ ಆಯಿಲ್ ತೊಟ್ಟಿಕ್ಕುತ್ತಿತ್ತು. ಹೋಗಿದ್ದದ್ದು ಬರೀ ಆಯಿಲ್ ತಡೆಯುವ ರಬ್ಬರ್ ಸೀಲ್!

ಚೆಕ್ ಇಂಜಿನ್ ದೀಪ ಮಿಣುಕುತ್ತಿದ್ದರೆ ಮಾತ್ರ ಬೆಟ್ಟ ಹತ್ತಬೇಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಸುಟ್ಟುಬಿಡುತ್ತದೆ. ಅದರ ಬೆಲೆಯ ಮುಂದೆ ಕಾಯಿಲ್ ಏನೂ ಅಲ್ಲ.