ಪ್ರತಿಕ್ರಿಯೆ: ಮಿಷಿಗನ್ ಜೆರ್ಸಿ ಹಾಕಿಕೊಂಡು ಕೊಲಂಬಸ್‌ಗೆ ಹೋಗಬಹುದಾ, ಗೆದ್ದರೆ ಗಲಾಟೆ ಆಗುತ್ತಾ?

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಮಿಷಿಗನ್ ಮತ್ತು ಕೊಲಂಬಸ್‌ನ ಒಹಾಯೊ ಸ್ಟೇಟ್ ಬದ್ಧ ಎದುರಾಳಿ ತಂಡಗಳು, ನಿಮ್ಮ ಭಯಕ್ಕೆ ಕಾರಣ ಅವರ 2024ರ ಪಂದ್ಯದ ಹೊಡೆದಾಟದ ವಿಡಿಯೊ ಇರಬೇಕು, ಅಲ್ವಾ? ಆ ಹೊಡೆದಾಟ ಶುರುವಾಗಿದ್ದು ಪ್ರೇಕ್ಷಕರ ನಡುವೆ ಅಲ್ಲ, ಮೈದಾನದಲ್ಲಿ. ನವೆಂಬರ್ 30ರಂದು ಮಿಷಿಗನ್ 13-10ರಿಂದ ಗೆದ್ದಿತು, ಆಟಗಾರರು ಒಹಾಯೊ ಸ್ಟೇಟ್‌ನ ಮೈದಾನದ ನಟ್ಟನಡುವೆ ತಮ್ಮ ಬಾವುಟ ನೆಡಲು ಹೋದರು, ಅಲ್ಲಿಂದ ತಳ್ಳಾಟ, ಕೊನೆಗೆ ಪೊಲೀಸರ ಪೆಪ್ಪರ್ ಸ್ಪ್ರೇ. ಎರಡೂ ತಂಡಕ್ಕೆ ತಲಾ 1 ಲಕ್ಷ ಡಾಲರ್ ದಂಡ ಬಿತ್ತು.

ಜೆರ್ಸಿ ಧಾರಾಳವಾಗಿ ಹಾಕಿಕೊಳ್ಳಿ. ಜೊತೆಗೆ ಯಾವ ತಂಡದ ಬಣ್ಣವೂ ಇಲ್ಲದ ಒಂದು ಜಾಕೆಟ್ ಇರಲಿ, ನವೆಂಬರ್ ಕೊನೆಯ ಚಳಿಗೂ ಬೇಕು. ಟಿಕೆಟ್ ಆದಷ್ಟು ಮಿಷಿಗನ್‌ನವರು ಕೂರುವ ಕಡೆಯೇ ತಗೊಳ್ಳಿ, ನಿಮ್ಮ ಸೀಟು ಸ್ಟೇಡಿಯಂನ ಯಾವ ಭಾಗದಲ್ಲಿ ಅಂತ ನೀವು ಬರೆದಿಲ್ಲ, ಬೇರೆ ಕಡೆ ಇದ್ದರೆ ಅಕ್ಕಪಕ್ಕದವರನ್ನು ಮೊದಲೇ ಮಾತಾಡಿಸಿ. ಬ್ಯಾಗ್ ಪಾರದರ್ಶಕವಾಗಿರಬೇಕು.

ಗೆದ್ದರೆ ಕೂತಲ್ಲೇ ಕೂಗಿ, ಕುಣಿಯಿರಿ, ಆ ಖುಷಿ ಬಿಡಲೇಬಾರದು. ಆವತ್ತು 45 ಸೆಕೆಂಡ್ ಉಳಿದಿದ್ದಾಗ ಮಿಷಿಗನ್ 21 ಯಾರ್ಡ್‌ನಿಂದ ಒದ್ದ ಗೆಲುವಿನ ಚೆಂಡು ಗೋಲು ಕಂಬಗಳ ನಡುವೆ ಹೋದಾಗ ಲಕ್ಷ ಜನರ ಸ್ಟೇಡಿಯಂ ಸುಮ್ಮನಾಗಿ, ಒಂದು ಮೂಲೆ ಮಾತ್ರ ಕೂಗುತ್ತಿತ್ತು! ಆದರೆ ಮೈದಾನಕ್ಕೆ ಇಳಿಯಬೇಡಿ, ಎದುರಿನವರ ಮುಖಕ್ಕೆ ಕೂಗಬೇಡಿ, ಯಾರಾದರೂ ಕೆಣಕಿದರೆ ಉತ್ತರ ಕೊಡದೆ ಮುಂದೆ ಹೋಗಿ.

ಜನ ಸ್ವಲ್ಪ ಕರಗಿದ ಮೇಲೆ ಜಾಕೆಟ್ ಹಾಕಿ, ಗುಂಪಿನಲ್ಲೇ ಹೊರಡಿ. ಹೈ ಸ್ಟ್ರೀಟ್‌ನ ಬಾರ್‌ಗಳ ಕಡೆ ಹೋಗದೆ ನೇರ ಕಾರಿಗೆ ನಡೆಯಿರಿ.