ಮುಳುಗಲು ಬಿಡಲಾಗದಷ್ಟು ದೊಡ್ಡ ಬ್ಯಾಂಕುಗಳಿಗೆ ಭಾರತದಲ್ಲಿ ಕಡಿವಾಣ ಇದೆಯೇ?

ಎಸ್‌ಬಿಐಯಂತಹ ಬ್ಯಾಂಕನ್ನು ಯಾವ ಸರ್ಕಾರವೂ ಮುಳುಗಲು ಬಿಡುವುದಿಲ್ಲ, ಹಾಗಿರುವಾಗ ಅದಕ್ಕೆ ಯಾರ ಹೆದರಿಕೆ ಎಂದು ಕೇಳಿದ್ದೀರಿ. ದೊಡ್ಡ ಬ್ಯಾಂಕು ಎಡವದಂತೆ ನೋಡಿಕೊಳ್ಳುವ ನಿಯಮ ನಮ್ಮಲ್ಲಿದೆ. ಎಡವಿ ಬಿದ್ದರೆ ನಷ್ಟವನ್ನು ಯಾರು, ಯಾವ ಸರದಿಯಲ್ಲಿ ಹೊರಬೇಕು ಎಂದು ಮೊದಲೇ ಹೇಳುವ ಸಮಗ್ರ ಕಾನೂನು ಮಾತ್ರ ಇಲ್ಲ. ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದು ನಿವೃತ್ತನಾದ ನನಗೆ ಇದೇ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಇರುವ ನಿಯಮವನ್ನು ಮೊದಲು ನೋಡೋಣ. 2008ರ ಜಾಗತಿಕ ಬಿಕ್ಕಟ್ಟಿನ ಪಾಠದಿಂದ ರಿಸರ್ವ್ ಬ್ಯಾಂಕ್ 2014ರಲ್ಲಿ ಒಂದು ಚೌಕಟ್ಟು ರೂಪಿಸಿತು. ಕುಸಿದರೆ ಇಡೀ ವ್ಯವಸ್ಥೆಯನ್ನೇ ಅಲುಗಾಡಿಸಬಲ್ಲ ಬ್ಯಾಂಕುಗಳ ಪಟ್ಟಿ ಅದರಡಿ ಪ್ರಕಟವಾಗುತ್ತದೆ. 2017ರಿಂದ ಅದರಲ್ಲಿರುವುದು ಮೂರೇ ಹೆಸರು: ಎಸ್‌ಬಿಐ, ಐಸಿಐಸಿಐ ಮತ್ತು ಎಚ್‌ಡಿಎಫ್‌ಸಿ ಬ್ಯಾಂಕ್. ಇವು ಉಳಿದವಕ್ಕಿಂತ ಹೆಚ್ಚು ಸ್ವಂತ ಬಂಡವಾಳ ಹೊಂದಿರಬೇಕು. ಅಪಾಯಕ್ಕೆ ತಕ್ಕಂತೆ ಲೆಕ್ಕ ಹಾಕಿದ ನೂರು ರೂಪಾಯಿ ಸಾಲದಲ್ಲಿ ಸಾಮಾನ್ಯ ಬ್ಯಾಂಕಿನ ಷೇರುದಾರರ ಪಾಲು ಕನಿಷ್ಠ ಎಂಟು ರೂಪಾಯಿ ಇರಬೇಕು. 2025ರ ಏಪ್ರಿಲ್‌ನಿಂದ ಎಸ್‌ಬಿಐಗೆ ಅದು ಎಂಟು ರೂಪಾಯಿ ಎಂಬತ್ತು ಪೈಸೆ. ಎಚ್‌ಡಿಎಫ್‌ಸಿ ಬ್ಯಾಂಕಿಗೆ ಆ ಎಂಟು ರೂಪಾಯಿಗಿಂತ ನಲವತ್ತು ಪೈಸೆ ಹೆಚ್ಚು, ಐಸಿಐಸಿಐಗೆ ಇಪ್ಪತ್ತು. ಸಾಲ ವಸೂಲಾಗದಿದ್ದರೆ ಮೊದಲು ಕರಗುವುದು ಈ ಹಣ, ಠೇವಣಿದಾರರದಲ್ಲ.

ಇಪ್ಪತ್ತು ಪೈಸೆ, ನಲವತ್ತು ಪೈಸೆ! ‘ಏನೇ ಆದರೂ ಸರ್ಕಾರ ಕೈ ಬಿಡುವುದಿಲ್ಲ’ ಎಂಬ ನಂಬಿಕೆಯಿಂದ ಸಿಗುವ ಅಗ್ಗದ ಠೇವಣಿಯ ಮುಂದೆ ಇದು ಭಾರವೆನಿಸುವ ಮೊತ್ತವಲ್ಲ. ಎಸ್‌ಬಿಐಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೇಂದ್ರ ಸರ್ಕಾರದ್ದೇ ಆದ್ದರಿಂದ ಅಲ್ಲಿ ಬಂಡವಾಳ ಕಡಿಮೆ ಬಿದ್ದರೆ ಕೊನೆಗೆ ನೋಡುವುದು ಬೊಕ್ಕಸದ ಕಡೆಗೇ. ದೊಡ್ಡ ಬ್ಯಾಂಕುಗಳನ್ನು ಒಡೆಯಬಾರದೇ ಎಂದೂ ಕೇಳಿದ್ದೀರಿ. ನಮ್ಮಲ್ಲಿ ಗಾಳಿ ಬೀಸುತ್ತಿರುವುದು ಎದುರು ದಿಕ್ಕಿಗೆ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಯಲ್ಲಿ ಸೇರಿಹೋಯಿತು. 2023ರಲ್ಲಿ ಎಚ್‌ಡಿಎಫ್‌ಸಿಯ ಗೃಹಸಾಲ ಕಂಪನಿ ತನ್ನದೇ ಬ್ಯಾಂಕಿನೊಳಗೆ ವಿಲೀನವಾಯಿತು.

ಆ ಪಟ್ಟಿಯನ್ನು ಪೂರ್ತಿ ನಂಬಲೂ ಆಗದು. ಯೆಸ್ ಬ್ಯಾಂಕ್ ಎಂದೂ ಅದರಲ್ಲಿರಲಿಲ್ಲ. 2020ರ ಮಾರ್ಚ್ 5ರ ಸಂಜೆ ಅದರ ಮೇಲೆ ನಿರ್ಬಂಧ ಬಿದ್ದು, ಹಣ ತೆಗೆಯುವ ಮಿತಿ 50,000 ರೂಪಾಯಿಗೆ ಇಳಿಯಿತು. ಅದೇ ರಾತ್ರಿ ಬೆಂಗಳೂರಿನ ಫೋನ್‌ಪೇ ಸ್ತಬ್ಧವಾಯಿತು, ಏಕೆಂದರೆ ಅದರ ಯುಪಿಐ ವಹಿವಾಟು ನಡೆಯುತ್ತಿದ್ದುದು ಆ ಬ್ಯಾಂಕಿನ ಮೂಲಕ. ಯೆಸ್ ಬ್ಯಾಂಕಿನ ಹೆಸರೇ ಕೇಳದವರ ಮೊಬೈಲಿನಲ್ಲೂ ಪಾವತಿ ನಿಂತಿತು. ಪಟ್ಟಿ ಮಾಡುವಾಗ ಇಂತಹ ನಂಟುಗಳು ಕಣ್ತಪ್ಪಿ ಹೋಗಬಹುದು.

ಮುಂದೆ ನಡೆದದ್ದು ತರಾತುರಿಯ ರಕ್ಷಣೆ. ಎಸ್‌ಬಿಐ 6,050 ಕೋಟಿ ರೂಪಾಯಿ ಹಾಕಿತು, ಐಸಿಐಸಿಐ ಮೊದಲಾದವು ಕೈ ಜೋಡಿಸಿದವು. ಮಾರ್ಚ್ 18ಕ್ಕೆ ನಿರ್ಬಂಧ ತೆರವಾಯಿತು. ಠೇವಣಿದಾರರ ಹಣ ಉಳಿಯಿತು. ಆದರೆ ಯೆಸ್ ಬ್ಯಾಂಕ್ ಹೂಡಿಕೆದಾರರಿಗೆ ಮಾರಿದ್ದ 8,415 ಕೋಟಿ ರೂಪಾಯಿಯ ಬಾಂಡುಗಳ ಹಣ ವಾಪಸಿಲ್ಲ ಎಂದು ಅವನ್ನು ಶೂನ್ಯಗೊಳಿಸಿದ್ದರ ವ್ಯಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಅದೇ ವರ್ಷ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ 35,000 ರೂಪಾಯಿಯ ಮಿತಿ ಬಿದ್ದಿತ್ತು. ಅಲ್ಲಿನ ನಿರ್ಬಂಧ ವರ್ಷಗಟ್ಟಲೆ ಎಳೆಯಿತು. ಆ ಠೇವಣಿದಾರರಿಗಾಗಿ ಯಾವ ದೊಡ್ಡ ಬ್ಯಾಂಕೂ ಓಡಿ ಬರಲಿಲ್ಲ.

ಇದಕ್ಕೆಲ್ಲ ಒಂದು ಕ್ರಮ ಹಾಕಲು 2017ರಲ್ಲಿ, ಬಿದ್ದ ಬ್ಯಾಂಕನ್ನು ಹೇಗೆ ನಿಭಾಯಿಸಬೇಕು ಎಂದು ಹೇಳುವ ಎಫ್‌ಆರ್‌ಡಿಐ ಮಸೂದೆ ಲೋಕಸಭೆಗೆ ಬಂದಿತ್ತು. ಬ್ಯಾಂಕು ಬಿದ್ದರೆ ಠೇವಣಿದಾರರಿಗೆ ಖಾತ್ರಿಯಾಗಿ ಸಿಗುವ ವಿಮೆಯ ಮಿತಿ ಮೀರಿದ ಠೇವಣಿಗೂ ಕೈ ಹಾಕಬಹುದು ಎಂಬಂತಿದ್ದ ಒಂದು ಕಲಮಿನಿಂದ ಜನ ಗಾಬರಿಯಾದರು. ಗಾಬರಿ ಸಹಜವೇ, ಆಗ ವಿಮೆ ಇದ್ದದ್ದು ಒಂದೇ ಲಕ್ಷಕ್ಕೆ. ಆ ಕಲಮನ್ನು ತಿದ್ದಬಹುದಿತ್ತು. ಸರ್ಕಾರ 2018ರಲ್ಲಿ ಇಡೀ ಮಸೂದೆಯನ್ನೇ ಹಿಂದಕ್ಕೆ ಪಡೆಯಿತು.

ನಿಮ್ಮ ಹಣದ ಮಟ್ಟಿಗೆ ಹೇಳುವುದಾದರೆ, 2020ರ ಫೆಬ್ರುವರಿಯಿಂದ ಠೇವಣಿ ವಿಮೆ 5 ಲಕ್ಷ ರೂಪಾಯಿ, ಬಡ್ಡಿಯೂ ಸೇರಿ. 2021ರ ತಿದ್ದುಪಡಿಯ ನಂತರ, ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದ 90 ದಿನಗಳೊಳಗೆ ಅದನ್ನು ಕೊಡಬೇಕು. ಒಂದೇ ಬ್ಯಾಂಕಿನ ಮೂರು ಶಾಖೆಗಳಲ್ಲಿ ನಿಮ್ಮ ಹೆಸರಿನಲ್ಲಿ ಠೇವಣಿ ಇಟ್ಟಿದ್ದರೂ ಎಲ್ಲ ಸೇರಿ ಐದೇ ಲಕ್ಷ.