ಪ್ಯಾನಿಂಗ್ ಮಾಡುವಾಗ ಐಎಸ್ ಆನ್ ಇರಬೇಕಾ, ಆಫ್ ಇರಬೇಕಾ?

ಸರ್, ಪುಣೆಯ ಬಾಲೇವಾಡಿಯ ಡರ್ಟ್ ಬೈಕ್ ರೇಸಿನಲ್ಲಿ 70-200 ಎಂಎಂ ಜೂಮ್ ಲೆನ್ಸ್ ಹಿಡಿದು, ಐಎಸ್ (ಇಮೇಜ್ ಸ್ಟೆಬಿಲೈಸೇಶನ್) ಆನ್ ಇಟ್ಟು, 1/60 ಸೆಕೆಂಡಿನ ಶಟರ್ ಸ್ಪೀಡಿನಲ್ಲಿ ಪ್ಯಾನಿಂಗ್ ಮಾಡಿ, ಅಂದರೆ ಓಡುವ ಬೈಕಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ, ತೆಗೆದ ಫೋಟೋಗಳೆಲ್ಲ ಮಸುಕಾಗಿವೆ, ಲೆನ್ಸ್ ಸರ್ವೀಸಿಗೆ ಕೊಡಲಾ ಅಂತ ಕೇಳಿದ್ದೀರಿ. ಕೊಡಬೇಡಿ, ಸುಮ್ನೆ ದುಡ್ಡು ದಂಡ.

ಐಎಸ್ ತಡೆಯುವುದು ನಿಮ್ಮ ಕೈಯ ನಡುಕವನ್ನು, ಬೈಕಿನ ಓಟವನ್ನಲ್ಲ. ಗಂಟೆಗೆ 60 ಕಿ.ಮೀ. ವೇಗದ ಬೈಕು 1/60 ಸೆಕೆಂಡಿನಲ್ಲಿ ಸುಮಾರು 28 ಸೆಂ.ಮೀ. ಮುಂದೆ ಹೋಗಿರುತ್ತದೆ. ಅಷ್ಟನ್ನು ನಿಮ್ಮ ಸೊಂಟವೇ ತಿರುಗಿ ಸರಿದೂಗಿಸಬೇಕು.

ಮೊದಲು ನಿಮ್ಮ ಹಳೇ ಫೋಟೋಗಳನ್ನೇ ದೊಡ್ಡದು ಮಾಡಿ ನೋಡಿ. ಹಿನ್ನೆಲೆಯಲ್ಲಿ ಹೊಳೆಯುವ ಚುಕ್ಕಿ ಏನಾದರೂ ಇರುತ್ತದಲ್ವಾ, ಲೈಟೋ, ಬ್ಯಾನರಿನ ಬಿಳಿ ಅಕ್ಷರವೋ. ಅದು ನೇರ ಅಡ್ಡಗೆರೆಯಾಗಿ ಎಳೆದಿದ್ದರೆ ಕೈ ಸರಿಯಾಗಿದೆ, ತಿರುಗಿದ ವೇಗ ಮಾತ್ರ ಬೈಕಿಗೆ ಹೊಂದಿಲ್ಲ. ಗೆರೆ ಹಾವಿನ ಹಾಗೆ ಮೇಲೆ ಕೆಳಗೆ ಅಲೆದಿದ್ದರೆ ಕೈ ಅಲುಗಿದೆ. ಐಎಸ್ ಉಪಯೋಗಕ್ಕೆ ಬರುವುದು ಈ ಎರಡನೇ ತೊಂದರೆಗೆ.

ಕ್ಯಾನನ್ ಆದರೆ ಲೆನ್ಸಿನ ಮೇಲಿನ ಐಎಸ್ ಸ್ವಿಚ್ಚನ್ನು ಮೋಡ್ 2ಕ್ಕೆ ಹಾಕಿ. ನೀವು ತಿರುಗುವ ದಿಕ್ಕನ್ನು ಅದು ಬಿಟ್ಟುಬಿಡುತ್ತದೆ, ಮೇಲೆ ಕೆಳಗಿನ ಅಲುಗಾಟ ಮಾತ್ರ ಹಿಡಿಯುತ್ತದೆ. ಮೋಡ್ 1ರಲ್ಲಿ ಲೆನ್ಸು ನಿಮ್ಮ ತಿರುಗುವಿಕೆಯ ಜೊತೆಗೇ ಜಗಳಕ್ಕೆ ನಿಲ್ಲಬಹುದು, ವ್ಯೂಫೈಂಡರಿನಲ್ಲಿ ಚಿತ್ರ ಜಿಗಿಯುತ್ತದೆ. ನಿಕಾನ್‌ನವರು ವಿಆರ್ (ಅವರ ಐಎಸ್) ಸ್ವಿಚ್ಚನ್ನು ನಾರ್ಮಲ್ ಅಥವಾ ಸ್ಪೋರ್ಟ್ ಇಡಿ. ಆಕ್ಟಿವ್ ಬೇಡ, ಅದು ಓಡುವ ಗಾಡಿಯಲ್ಲಿ ಕೂತು ತೆಗೆಯುವವರಿಗೆ. ಶಟರನ್ನು ಅರ್ಧ ಒತ್ತಿ, ಬೈಕು ದೂರದಲ್ಲಿರುವಾಗಲೇ ಹಿಂಬಾಲಿಸಿ. ಐಎಸ್ ನೆಲೆಗೊಳ್ಳಲು ಸ್ವಲ್ಪ ಹೊತ್ತು ಬೇಕು.

ಜಂಪ್ ಬಂದಾಗ ಕಥೆ ಬೇರೆ. ಬೈಕು ಓರೆಯಾಗಿ ಮೇಲೇರುತ್ತದೆ, ನೀವೂ ಓರೆಯಾಗಿ ಕ್ಯಾಮೆರಾ ಎತ್ತುತ್ತೀರಿ. ಹಳೇ ಲೆನ್ಸುಗಳ ಮೋಡ್ 2 ಅಲ್ಲಿ ಗೊಂದಲಕ್ಕೆ ಬೀಳುತ್ತದೆ. ನಾನಂತೂ ಜಂಪಿಗೆ 1/1000 ಇಟ್ಟು ಐಎಸ್ ಆಫ್ ಮಾಡುತ್ತೇನೆ. ಮೋಡ್ 3 ಇದ್ದರೆ ಅದೂ ಆಗುತ್ತದೆ, ಶಟರ್ ತೆರೆದಾಗ ಮಾತ್ರ ಕೆಲಸ ಮಾಡುತ್ತದೆ. ಆದರೆ ನೆಲದ ಮೇಲೆ ಓಡುವಾಗಲೂ 1/1000 ಇಟ್ಟರೆ ಚಕ್ರದ ಕಡ್ಡಿಗಳೆಲ್ಲ ನಿಂತುಬಿಡುತ್ತವೆ, ಬೈಕು ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಹಾಗೆ ಕಾಣುತ್ತದೆ.

ಮಧ್ಯಾಹ್ನದ ಬಿಸಿಲಲ್ಲಿ ಸೆನ್ಸರಿನ ಸೂಕ್ಷ್ಮತೆ ಐಎಸ್‌ಒ 100, 1/60 ಅಂದರೆ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್/20ರ ಹತ್ತಿರ ಹೋಗಿ ತೀರಾ ಚಿಕ್ಕದಾಗುತ್ತದೆ. ಆಗ ಸೆನ್ಸರ್ ಮೇಲಿನ ಧೂಳೆಲ್ಲ ಚುಕ್ಕಿ ಚುಕ್ಕಿಯಾಗಿ ಎದ್ದು ಕಾಣುತ್ತದೆ. ಮಣ್ಣಿನ ಟ್ರ್ಯಾಕಿನಲ್ಲಿ ಲೆನ್ಸ್ ಬದಲಿಸಿದ ನನ್ನಂಥವರಿಗೆ ಇದು ಚೆನ್ನಾಗಿ ಗೊತ್ತು. ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಒಂದು ಬ್ಯಾಗಿನಲ್ಲಿರಲಿ.

ಪ್ರಾಕ್ಟೀಸಿಗೆ ರೇಸೇ ಬೇಕಿಲ್ಲ. ಪುಣೆಯ ಜೆ.ಎಂ. ರಸ್ತೆ ಒನ್‌ವೇ, ಎಲ್ಲರೂ ಒಂದೇ ಕಡೆ ಓಡುತ್ತಾರೆ. ಫುಟ್‌ಪಾತ್ ಮೇಲೆ ಹಿಂದಕ್ಕೆ ಸರಿದು ನಿಲ್ಲಿ. ಮೊದಲು ಪಿಎಂಪಿಎಂಎಲ್ ಸಿಟಿ ಬಸ್ಸು, ಆಮೇಲೆ ಮುಖಕ್ಕೆ ಸ್ಕಾರ್ಫ್ ಸುತ್ತಿಕೊಂಡು ಹೋಗುವ ಸ್ಕೂಟರಿನವರು. 1/250ರಿಂದ ಶುರುಮಾಡಿ, ಹತ್ತರಲ್ಲಿ ನಾಲ್ಕೈದು ಸರಿ ಬಂದ ಮೇಲೆ 1/125, ಆಮೇಲೆ 1/60. ಕ್ಲಿಕ್ ಆದ ಕೂಡಲೇ ತಿರುಗುವುದನ್ನು ನಿಲ್ಲಿಸಬೇಡಿ. ನಾನು ಒಂದು ವರ್ಷ ಮಾಡಿದ ತಪ್ಪು ಅದೇ. ಫೋಕಸ್ ಪಾಯಿಂಟ್ ಹೆಲ್ಮೆಟ್ ಮೇಲಿರಲಿ, ಚಕ್ರ ಮಸುಕಾದರೂ ಪರವಾಗಿಲ್ಲ.

ಎರಡು ಭಾನುವಾರ ಹೀಗೆ ತೆಗೆದು, ಐಎಸ್ ಆಫ್ ಇಟ್ಟು ಒಂದಷ್ಟು, ಮೋಡ್ 2ರಲ್ಲಿ ಒಂದಷ್ಟು ಇಲ್ಲೇ ಹಾಕಿ. ಶಟರ್ ಸ್ಪೀಡ್ ಬರೆಯಲು ಮರೆಯಬೇಡಿ, ನೋಡಿ ಹೇಳುತ್ತೇನೆ.